ಏಳು ವರ್ಷ ನಡೆದೇ ಇಲ್ಲವಂತೆ

ಕಾಸೆಲ್, 3 ಡಿಸೆಂಬರ್ 1813

ಇವತ್ತೂ ಬೆಳಗಿನ ಪರೇಡ್ ಜುಟ್ಟಿನಲ್ಲೇ ಮುಗಿಯಿತು. ಬಂದೂಕು ನೋಡಿದವರಿಲ್ಲ. ಬೂಟು ನೋಡಿದವರಿಲ್ಲ. ನೋಡೋಣವೆಂದರೆ ಅರ್ಧ ಜನಕ್ಕೆ ಬೂಟೇ ಇಲ್ಲ. ಕ್ಯಾಪ್ಟನ್ ಫೋನ್ ಲಿಂಡೆಲ್‌ಬಾಖ್ ಅಳತೆಪಟ್ಟಿ ಹಿಡಿದು ಸಾಲಿನ ಹಿಂದೆ ನಡೆದರು. ಎಲ್ಲರ ಕತ್ತಿನ ಮೇಲೂ ಫ್ರೆಂಚರ ಕಾಲದ ಗಿಡ್ಡ ಕ್ರಾಪು. ಅಳೆಯುವುದಕ್ಕೆ ಏನೂ ಸಿಗಲಿಲ್ಲ.

"ಹತ್ತೊಂಬತ್ತಕ್ಕೆ ಜನರಲ್ ಬರ್ತಾರೆ. ಆವತ್ತು ಪ್ರತಿಯೊಬ್ಬನ ಬೆನ್ನ ಮೇಲೂ ಜುಟ್ಟು ಇರ್ಬೇಕು. ಕಪ್ಪು ರಿಬ್ಬನ್ ಸುತ್ತಿರ್ಬೇಕು. ಹಳೇ ಕಾಲದ ಹಾಗೆ."

"ಕೂದಲಿಗೆ ಆರ್ಡರ್ ಅರ್ಥ ಆಗಲ್ಲ, ಸಾಹೇಬ್ರೇ."

"ನಿಮಗೆ ಆಗತ್ತಲ್ಲ, ಲೆಫ್ಟಿನೆಂಟ್ ಡೇನ್‌ಹಾರ್ಟ್. ಅಷ್ಟು ಸಾಕು."

ಲೆಫ್ಟಿನೆಂಟ್... ಕಿವಿಗೆ ಇನ್ನೂ ಒಗ್ಗಿಲ್ಲ. ಮೂರು ವಾರದ ಹಿಂದೆ ನಾನೂ ಕ್ಯಾಪ್ಟನ್. ಸಾವಿರದ ಎಂಟುನೂರ ಆರನೇ ಇಸವಿಯಲ್ಲಿ ಫ್ರೆಂಚರು ಬಂದರು, ನಮ್ಮ ದೊರೆ ಓಡಿದರು, ಅವರ ಕುರ್ಚಿಯಲ್ಲಿ ಫ್ರೆಂಚ್ ಚಕ್ರವರ್ತಿಯ ತಮ್ಮ ಕೂತ. ಸಿಪಾಯಿಯಾದವನು ಏನು ಮಾಡಬೇಕು? ಅವನ ಪಡೆಯಲ್ಲೇ ದುಡಿದೆ. ಸ್ಪೇನಿಗೆ ಹೋದೆ. ರಷ್ಯಕ್ಕೆ ಹೋದೆ, ಎಡಗೈಯ ಎರಡು ಬೆರಳು ಹಿಮಕ್ಕೆ ಕೊಟ್ಟು ಬಂದೆ. ಈಗ ಆ ರಾಜನೂ ಓಡಿದ. ನಮ್ಮ ದೊರೆ ವಾಪಸು ಬಂದರು. ಜನ ರಥದ ಕುದುರೆ ಬಿಚ್ಚಿ ತಾವೇ ಎಳೆದರು. ನನಗೂ ಕಣ್ಣು ತುಂಬಿತ್ತು. ಮಾರನೆಯ ದಿನ ಆಜ್ಞೆ ಬಂತು: ನಡುವಿನ ಏಳು ವರ್ಷ ನಡೆದೇ ಇಲ್ಲವೆಂದು ತಿಳಿಯತಕ್ಕದ್ದು. ಆರರಲ್ಲಿ ಯಾರು ಏನಾಗಿದ್ದರೋ ಈಗಲೂ ಅದೇ. ನಾನು ಆಗ ಸೆಕೆಂಡ್ ಲೆಫ್ಟಿನೆಂಟ್. ಲಿಂಡೆಲ್‌ಬಾಖ್ ಆಗಲೇ ಕ್ಯಾಪ್ಟನ್ — ಏಳು ವರ್ಷ ತಮ್ಮ ಜಮೀನಿನಲ್ಲಿ ಮೊಲ ಹೊಡೆದುಕೊಂಡಿದ್ದರು, ಈಗಲೂ ಕ್ಯಾಪ್ಟನ್.

ಸಾರ್ಜೆಂಟ್ ಹೆನ್ನರ್ ಬರಿಗಾಲಿನ ಸಾಲನ್ನು ತೋರಿಸಿ ಹೇಳಿದ, "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂ ಅಂದ್ರೆ ಇದೇ ನೋಡಿ." ಹೆನ್ನರ್ ನನ್ನೊಂದಿಗೆ ರಷ್ಯದಿಂದ ನಡೆದು ಬಂದವನು. ಏನು ಬೇಕಾದರೂ ಹೇಳಬಹುದು.

5 ಡಿಸೆಂಬರ್

ಮದುವೆಯ ವಿಷಯ ಹೇಳಿಬಿಟ್ಟೆ. ಎಷ್ಟು ದಿನ ಮುಚ್ಚಿಡುವುದು.

ಲಿಂಡೆಲ್‌ಬಾಖ್ ಊಟಕ್ಕೆ ಕೂತಿದ್ದರು. ಮೊಲದ ಸಾರು. ನನಗೂ ಒಂದು ತಟ್ಟೆ ಹಾಕಿಸಿದರು, ಕೆಟ್ಟ ಮನುಷ್ಯ ಅಲ್ಲ.

"ಮದುವೆ? ಯಾವಾಗ ಆಯ್ತು?"

"ಒಂಬತ್ತನೇ ಇಸವೀಲಿ. ಮೇಯರ ಕಚೇರೀಲಿ. ಆಗ ಅದೇ ಕಾನೂನು."

"ಆಫೀಸರ್ ಮದುವೆಗೆ ದೊರೆಗಳ ಅಪ್ಪಣೆ ಬೇಕು. ಯಾವ ದೊರೆ ಕೊಟ್ರು?"

"ಆಗ ಇದ್ದ ದೊರೆ."

"ಆಗ ಯಾವ ದೊರೆಯೂ ಇರ್ಲಿಲ್ಲ." ಚಮಚ ಕೆಳಗಿಟ್ಟರು. "ನೋಡಿ, ನೀವು ಆರರಲ್ಲಿ ಬ್ರಹ್ಮಚಾರಿ. ಈಗಲೂ ಬ್ರಹ್ಮಚಾರಿ."

"ಸಾಹೇಬ್ರೇ, ನನಗೆ ಮಗಳಿದಾಳೆ. ನಾಲ್ಕು ವರ್ಷ."

"ಆ ನಾಲ್ಕು ವರ್ಷವೇ ಇಲ್ಲವಲ್ಲ, ಡೇನ್‌ಹಾರ್ಟ್."

ಹಾಸ್ಯಕ್ಕೆ ಹೇಳಲಿಲ್ಲ. ಮುಖದಲ್ಲಿ ಕನಿಕರವಿತ್ತು, ಅದೇ ಹೆಚ್ಚು ಉರಿಸಿತು. ಹೊಸದಾಗಿ ಅಪ್ಪಣೆ ಕೇಳಬಹುದಂತೆ. ಆದರೆ ಸೆಕೆಂಡ್ ಲೆಫ್ಟಿನೆಂಟಿಗೆ ಕೊಡುವುದಿಲ್ಲವಂತೆ. ಕ್ಯಾಪ್ಟನ್ ಆದ ಮೇಲೆ ಕೇಳಿ ಎಂದರು. ನಾನು ಕ್ಯಾಪ್ಟನ್ ಆಗಿದ್ದೆನಲ್ಲ! ಮತ್ತೆ ಆಗುವಷ್ಟರಲ್ಲಿ ತಲೆ ನರೆತಿರುತ್ತದೆ.

ಜನವರಿಯಲ್ಲಿ ರೆಜಿಮೆಂಟ್ ಫ್ರಾನ್ಸಿನ ಕೋಟೆಗಳ ಕಡೆ ಹೊರಡುತ್ತದೆ. ಅಲ್ಲಿ ನಾನು ಬಿದ್ದರೆ ಲಿಸೆಟ್ ವಿಧವೆಯಲ್ಲ, ಡೋರ್ಟೆ ಮಗಳಲ್ಲ. ಹೊರಡುವ ಮೊದಲು ಇದನ್ನು ಸರಿಮಾಡಬೇಕು. ಮಾಡುತ್ತೇನೆ.

9 ಡಿಸೆಂಬರ್

ಬ್ರಹ್ಮಚಾರಿ ಆಫೀಸರುಗಳು ಬ್ಯಾರಕ್ಕಿನಲ್ಲೇ ಇರಬೇಕಂತೆ. ನಮ್ಮ ಮನೆ ಖಾಲಿ ಮಾಡಿಸಿದರು. ಲಿಸೆಟ್ ಮಗುವನ್ನು ಕರೆದುಕೊಂಡು ಹಳೇಪೇಟೆಯ ತನ್ನ ಚಿಕ್ಕಮ್ಮನ ಅಟ್ಟ ಸೇರಿದ್ದಾಳೆ. ಹಾಸಿಗೆ ಹೊತ್ತದ್ದು ನಾನೇ. ಬಾವಿಯ ಹತ್ತಿರ ಕೊಡ ಹಿಡಿದು ನಿಂತಿದ್ದ ಹೆಂಗಸು, ನನಗೆ ಕೇಳಲೆಂದೇ, ಪಕ್ಕದವಳಿಗೆ ಹೇಳಿದಳು:

"ಆ ಮಗೂಗೆ ಅಪ್ಪ ಯಾರಂತೇ? ಚರ್ಚಿನ ಪುಸ್ತಕದಲ್ಲಿ ಹೆಸರು ಹೊಡೆದು ಹಾಕವ್ರಂತಲ್ಲ."

ಲಿಸೆಟ್ ನಿಂತಳು. ಟೋಪಿ ಹೊಲಿಯುವವರ ಮನೆಯ ಮಗಳು, ಬಾಯಿ ಸೂಜಿ. "ಅಪ್ಪ ಹಾಸಿಗೆ ಹೊತ್ಕೊಂಡು ಹಿಂದೇನೇ ಬರ್ತಿದಾನೆ, ನೋಡ್ಕೊಳ್ಳಿ. ನಿಮ್ಮೋನು ನಿಮ್ಮ ಮನೆ ಹಾಸಿಗೆ ಹೊತ್ತಿದ್ದು ಯಾವಾಗ?" ಎಂದಳು. ಅಟ್ಟ ಹತ್ತಿದ ಮೇಲೆ ಗೋಡೆಗೆ ಮುಖ ಮಾಡಿ ಕೂತಳು. ನಾನು ಹಾಸಿಗೆ ಬಿಚ್ಚಿ ಹಾಸಿದೆ.

13 ಡಿಸೆಂಬರ್

ಪ್ರಷ್ಯದವರು ತಮ್ಮ ಪಡೆಗೆ ಆಫೀಸರುಗಳನ್ನು ಹುಡುಕುತ್ತಿದ್ದಾರೆ. ಹೆನ್ನರ್ ಸುದ್ದಿ ತಂದ.

"ಕ್ಯಾಪ್ಟನ್ ಪದವಿ ಹಾಗೇ ಕೊಡ್ತಾರಂತೆ. ಜುಟ್ಟೂ ಬೇಡ್ವಂತೆ. ಹೋಗಿಬಿಡಿ ಸ್ವಾಮಿ. ಇಲ್ಲೇನು ಇಟ್ಟಿದೀರಾ?"

ಆಸೆಯಾಯಿತು, ಸುಳ್ಳು ಯಾಕೆ. ಫುಲ್ಡಾ ನದಿಯ ದಂಡೆಯ ಮೇಲೆ ಎರಡು ಸಲ ಹೋಗಿ ಬಂದೆ. ಅಲ್ಲಿ ಹೋದರೆ ನಾನು ಕ್ಯಾಪ್ಟನ್. ಸರಿ. ಡೋರ್ಟೆ? ಅವಳ ಅಪ್ಪನ ಹೆಸರು ಹೊಡೆದುಹಾಕಿರುವುದು ಈ ಊರಿನ ಪುಸ್ತಕದಲ್ಲಿ. ನಾಳೆ ಅವಳು ದೊಡ್ಡವಳಾದಾಗ ಪ್ರಷ್ಯದವರೂ ಇಲ್ಲಿಂದಲೇ ಕಾಗದ ಕೇಳುತ್ತಾರೆ. ನನ್ನ ಭುಜದ ಪಟ್ಟಿ ಉಳಿಸಿಕೊಂಡು ಅವಳನ್ನು ಬಾವಿಕಟ್ಟೆಯ ಬಾಯಿಗೆ ಬಿಡಲೇ? ನನ್ನ ಮಗಳಿಗೆ ಅಪ್ಪನಾಗುವುದಕ್ಕೆ ಪರರ ಮನೆ ಬಾಗಿಲು ತಟ್ಟುವುದಿಲ್ಲ. ಇಲ್ಲೇ ಆಗಬೇಕು.

ಹೆನ್ನರನಿಗೆ ಹೇಳಿದೆ. "ತಲೆ ಗಟ್ಟಿ ಇದೆ ಅಂತ ಕಲ್ಲಿಗೆ ಹಾಯ್ಬಾರ್ದು ಸ್ವಾಮಿ" ಎಂದ.

16 ಡಿಸೆಂಬರ್

ಜುಟ್ಟಿನ ಕಷ್ಟ ಪರಿಹಾರವಾಯಿತು. ಕುದುರೆ ಬಾಲದ ಕೂದಲಲ್ಲಿ ಸುಳ್ಳು ಜುಟ್ಟು ಮಾಡಿದೆವು. ದಾರದಲ್ಲಿ ಕ್ರಾಪಿಗೆ ಕಟ್ಟಿದರೆ ಹತ್ತು ಹೆಜ್ಜೆಗೆ ಜಾರುತ್ತಿತ್ತು. ಮೈದಾನದ ತುಂಬ ಸತ್ತ ಇಲಿ ಚೆಲ್ಲಿದ ಹಾಗೆ ಕಾಣುತ್ತಿತ್ತು. ಲಿಸೆಟ್ ನೋಡಿ ನಕ್ಕಳು, ಎಷ್ಟೋ ದಿನದ ಮೇಲೆ.

"ಟೋಪಿ ಒಳಪಟ್ಟಿಗೇ ಹೊಲೀರಿ. ಟೋಪಿ ಹಾಕ್ಕೊಂಡ್ರೆ ಜುಟ್ಟೂ ಬಂತು."

ಅವಳೂ ಚಿಕ್ಕಮ್ಮನೂ ಕಂಪನಿಯ ಟೋಪಿಗಳಿಗೆಲ್ಲ ಹೊಲಿದು ಕೊಟ್ಟರು. ಓಡಿಸಿದೆ, ಮಲಗಿಸಿದೆ, ಎಬ್ಬಿಸಿದೆ. ಒಂದೂ ಅಲುಗಲಿಲ್ಲ. ಲಿಂಡೆಲ್‌ಬಾಖ್ ಬೆನ್ನು ತಟ್ಟಿದರು. "ಭೇಷ್. ಜನರಲ್ ಖುಷಿಯಾದ್ರೆ ನಿಮ್ಮ ವಿಷಯ ನಾನೇ ಎತ್ತುತೀನಿ" ಎಂದರು. ತಾವಾಗಿಯೇ. ಎದೆ ಹಗುರಾಗಿದೆ.

19 ಡಿಸೆಂಬರ್, ಭಾನುವಾರ, ಕಾವಲುಮನೆಯಲ್ಲಿ

ಅರೆಸ್ಟ್.

ಎಲ್ಲ ಚೆನ್ನಾಗಿಯೇ ಇತ್ತು. ಜನರಲ್ ಸಾಲಿನ ಹಿಂದೆ ನಡೆದರು, ತಲೆದೂಗಿದರು. ಲಿಂಡೆಲ್‌ಬಾಖ್ ಮೀಸೆಯ ಕೆಳಗೇ ನಗುತ್ತಿದ್ದರು. ಆಮೇಲೆ ನಗಾರಿ ಮೊಳಗಿತು. ಪಾದ್ರಿ ಮುಂದೆ ಬಂದರು. ಆಜ್ಞೆ: "ಪ್ರಾರ್ಥನೆಗೆ... ಟೋಪಿ ತೆಗೀ!"

ಹಳೇ ಕಾಲದ ಪದ್ಧತಿ. ಏಳು ವರ್ಷ ಫ್ರೆಂಚರ ಕೆಳಗೆ ಪರೇಡಿನಲ್ಲಿ ಪ್ರಾರ್ಥನೆಯೇ ಇರಲಿಲ್ಲ. ಜುಟ್ಟು ವಾಪಸು ಬಂದದ್ದು ನೆನಪಿತ್ತು, ದೇವರೂ ವಾಪಸು ಬಂದದ್ದು ಒಬ್ಬನಿಗೂ ನೆನಪಿರಲಿಲ್ಲ. ಕಂಪನಿಯ ಎಲ್ಲರೂ ಒಂದೇ ಏಟಿಗೆ ಟೋಪಿ ತೆಗೆದರು. ಟೋಪಿಯ ಜೊತೆಗೆ ಜುಟ್ಟೂ ಬಂತು. ಎಲ್ಲರ ಎದೆಯ ಮುಂದೆ ಟೋಪಿ, ಟೋಪಿಯ ಕೆಳಗೆ ಬಾಲ. ಸೈನ್ಯವೋ, ಬೆಕ್ಕು ಮಾರುವವರ ಸಾಲೋ!

ಪಕ್ಕದ ಕಂಪನಿ ನಕ್ಕಿತು. ಪಾದ್ರಿಗೆ ಕೆಮ್ಮು ಹತ್ತಿತು. ಜನರಲ್ ಮುಖ ಬೀಟ್‌ರೂಟ್.

"ಯಾರದು ಈ ಕೆಲಸ?"

"ನನ್ನದು" ಎಂದೆ. ಹೆಂಡತಿಯ ಸೂಜಿ ಎನ್ನಲಾದೀತೇ? ಹೆಂಡತಿಯೇ ಇಲ್ಲವಲ್ಲ ನನಗೆ.

ಇನ್ನು ನನ್ನ ವಿಷಯ ಯಾರು ಎತ್ತುತ್ತಾರೆ.

21 ಡಿಸೆಂಬರ್, ಕಾವಲುಮನೆ

ಗೋಡೆಯ ಆಚೆ ಲಿಂಡೆಲ್‌ಬಾಖ್ ಕಚೇರಿ. ಒಲೆಯ ಕೊಳವೆ ಎರಡಕ್ಕೂ ಒಂದೇ. ಮಾತು ಎಲ್ಲ ಕೇಳುತ್ತದೆ. ಬೆಳಗ್ಗೆ ಒಬ್ಬ ಕಾರ್ಪೊರಲ್ ಬಂದ.

"ಸಾಹೇಬ್ರೇ, ಹೊರಡೋಕೆ ಮುಂಚೆ ಮದುವೆ ಆಗ್ಬೇಕು. ಹುಡುಗಿ ಬಸುರಿ."

"ಯಾವ ಊರೋಳು?"

"ಫ್ರಿಟ್ಸ್‌ಲಾರ್."

"ಆಗ್ಹೋಗು. ಬಾಗಿಲು ಹಾಕ್ಕೊ, ಚಳಿ."

ಅಷ್ಟೇ! ಒಂದು ಉಸಿರಿನಷ್ಟು ಹೊತ್ತು ಹಿಡಿಯಲಿಲ್ಲ. ಆಫೀಸರಿಗೆ ದೊರೆಯ ಅಪ್ಪಣೆ ಬೇಕು. ಸಿಪಾಯಿ, ಕಾರ್ಪೊರಲ್, ಸಾರ್ಜೆಂಟಿಗೆ ಕ್ಯಾಪ್ಟನ್ ಹೂಂ ಎಂದರೆ ಸಾಕು.

ಎದ್ದು ನಿಂತೆ. ಕೂತೆ. ಮತ್ತೆ ಎದ್ದೆ.

ನಾನು ಹುಟ್ಟಾ ಆಫೀಸರ್ ಅಲ್ಲ. ಗಿರಣಿಯವನ ಮಗ. ಮೂರನೇ ಇಸವಿಯಲ್ಲಿ ಕಾರ್ಪೊರಲ್, ಐದರಲ್ಲಿ ಸಾರ್ಜೆಂಟ್, ಆರರಲ್ಲಿ ಲೆಫ್ಟಿನೆಂಟ್. ಇವರು ನನ್ನನ್ನು ಏಳು ವರ್ಷ ಹಿಂದಕ್ಕೆ ತಳ್ಳಿದ್ದಾರೆ. ಇನ್ನೊಂದು ವರ್ಷ ನಾನೇ ಹೋದರೆ?

24 ಡಿಸೆಂಬರ್

ಬಿಟ್ಟರು. ನೇರ ಅಟ್ಟಕ್ಕೆ ಹೋದೆ. ಡೋರ್ಟೆ ಪ್ಲಮ್ ಹಣ್ಣಿನ ಮುರಬ್ಬ ಮುಖಕ್ಕೆಲ್ಲ ಬಳಿದುಕೊಂಡು ಕೂತಿದ್ದಳು. ಲಿಸೆಟ್‌ಗೆ ಹೇಳಿದೆ: ಆಫೀಸರ್ ಪದವಿ ಬಿಡುತ್ತೇನೆ, ಸಾರ್ಜೆಂಟ್ ಆಗುತ್ತೇನೆ, ಚರ್ಚಿನಲ್ಲಿ ಮದುವೆಯಾಗೋಣ.

ಹೊಗಳುತ್ತಾಳೆಂದುಕೊಂಡಿದ್ದೆ.

"ಯಾರು ಯಾರನ್ನ ಮದ್ವೆ ಆಗೋದು?"

"ನಾನು. ನಿನ್ನನ್ನ."

"ನಾನು ಮದ್ವೆ ಆದೋಳು. ಉಂಗುರ ಇದೆ. ನೀವು ಸ್ಪೇನಲ್ಲಿದ್ದಾಗ ಕಾದಿದೀನಿ, ರಷ್ಯದಲ್ಲಿದ್ದಾಗ ಸತ್ತೇ ಹೋದ್ರು ಅಂತ ಅತ್ತಿದೀನಿ. ಅದೆಲ್ಲ ಹೆಂಡ್ತಿ ಕೆಲ್ಸ ಅಲ್ವಾ? ಈಗ ಹೋಗಿ ಕನ್ಯೆ ಅಂತ ನಿಂತ್ಕೊಳ್ಳಾ?"

"ಲಿಸೆಟ್—"

"ಮಗು ಎಲ್ಲಿ ನಿಲ್ಲತ್ತೆ, ಹೇಳ್ರೀ? ಹೇಳಿ."

ಅವಳಿಗೂ ಗೊತ್ತು, ನನಗೂ ಗೊತ್ತು. ಮದುವೆಗೆ ಮೊದಲೇ ಹುಟ್ಟಿದ ಮಗು ಮದುವೆಯ ಹೊತ್ತಿಗೆ ತಾಯಿಯ ಮೇಲುಹೊದಿಕೆಯ ಕೆಳಗೆ ನಿಲ್ಲಬೇಕು. ಆಗ ಅದು ಸಕ್ರಮ. ಊರೆಲ್ಲ ನೋಡುತ್ತದೆ. ಹೊದಿಕೆ ಉಬ್ಬಿದ್ದು ನೋಡಿ ನಗುತ್ತದೆ.

"ಜಾರಿದೋಳ ಥರ ನಾನು ನಿಲ್ಲಲ್ಲ. ನಿಮ್ಮ ಪಟ್ಟಿ ಕಿತ್ತರು, ನೀವು ಸಹಿಸ್ಕೊಂಡ್ರಿ. ನನ್ನ ಮಾನ ಕೀಳಕ್ಕೆ ನಾನು ಬಿಡಲ್ಲ."

ಇಳಿದು ಬಂದೆ. ಊರ ತುಂಬ ಕ್ರಿಸ್ಮಸ್ ಗಂಟೆ. ಅವಳು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಲ್ಲ. ಆದರೂ ಬೇರೆ ದಾರಿ ಇಲ್ಲ.

3 ಜನವರಿ 1814

ಲಿಂಡೆಲ್‌ಬಾಖ್ ಎದುರು ಖಡ್ಗವನ್ನೂ ಸೊಂಟದ ಪಟ್ಟಿಯನ್ನೂ ಮೇಜಿನ ಮೇಲಿಟ್ಟೆ. ಅವರು ನನ್ನ ಹಣೆ ಮುಟ್ಟಿ ನೋಡುವುದೊಂದು ಬಾಕಿ.

"ಜ್ವರ ಇದೆಯಾ? ಜುಟ್ಟಿನ ವಿಷಯ ಮನಸ್ಸಿಗೆ ಹಚ್ಕೊಂಡ್ರಾ? ಎಲ್ಲ ಮರೀತಾರೆ ಬಿಡಿ."

"ಸಾರ್ಜೆಂಟ್ ಮಾಡಿ ಸಾಹೇಬ್ರೇ. ಐದನೇ ಇಸವೀಲಿ ನಾನು ಅದೇ ಆಗಿದ್ದೆ."

"ಮೇಲೆ ಹೋಗಕ್ಕೆ ಜನ ನನ್ನ ಬಾಗಿಲಿಗೆ ಬರ್ತಾರೆ. ಕೆಳಗೆ ಹೋಗಕ್ಕೆ ಬಂದೋರು ನೀವೊಬ್ಬರೇ." ಎದ್ದು ಕಿಟಕಿಗೆ ಹೋದರು. "ಆ ಹೆಂಗಸಿಗಾಗಿ?"

"ಹೆಂಡತಿಗಾಗಿ."

ಬೆನ್ನು ತೋರಿಸಿಕೊಂಡೇ ಹೇಳಿದರು, "ಸಾರ್ಜೆಂಟ್ ಜೊತೆ ನಾನು ಊಟಕ್ಕೆ ಕೂರಕ್ಕಾಗಲ್ಲ, ಡೇನ್‌ಹಾರ್ಟ್. 'ನೀವು' ಅನ್ನಕ್ಕೂ ಆಗಲ್ಲ. ಗೊತ್ತಾ?"

"ಗೊತ್ತು."

"ಹಿಂದಕ್ಕೆ ಬರಕ್ಕೆ ದಾರಿ ಇಲ್ಲ."

"ಅದೂ ಗೊತ್ತು."

ಕರ್ನಲರಿಗೆ ಬರೆಯುತ್ತೇನೆ ಎಂದರು.

8 ಜನವರಿ

ಕರ್ನಲ್ ಒಪ್ಪಿದರಂತೆ. ಒರಟು ಬಟ್ಟೆಯ ಕೋಟು ಸಿಕ್ಕಿತು. ಕತ್ತು ಕೆರೆಯುತ್ತದೆ. ಬೆಳಗಿನ ಪರೇಡಿನಲ್ಲಿ ಎರಡನೇ ಸಾಲಿನ ಹಿಂದೆ, ಹೆನ್ನರನ ಪಕ್ಕ ನಿಂತೆ. ಹೆನ್ನರ್ ಅಭ್ಯಾಸಬಲದಿಂದ ಸಲ್ಯೂಟ್ ಹೊಡೆದ.

"ಕೈ ಇಳಿಸೋ ಮಾರಾಯ."

"ಅದು ತಾನಾಗೇ ಏಳತ್ತೆ ಸ್ವಾಮಿ, ನಾನೇನ್ ಮಾಡ್ಲಿ."

"ಸ್ವಾಮಿಯೂ ಬೇಡ."

"ಅಯ್ಯೋ, ನಾಲಗೆ ಸುಟ್ಹೋಗತ್ತೆ."

ಲಿಂಡೆಲ್‌ಬಾಖ್ ಕುದುರೆಯ ಮೇಲಿಂದ ಕೂಗಿದರು. "ಸಾರ್ಜೆಂಟ್, ಆ ಎಡಗಡೆ ಸಾಲು ಸರಿ ಮಾಡು!" ಮಾಡು. ಮಾಡಿ ಅಲ್ಲ. ಮಾಸ್ಕೋ ದಾರಿಯಲ್ಲಿ ಸತ್ತವರ ಮುಖಗಳು ನೆನಪಾದವು. ಅವರ ಕ್ಯಾಪ್ಟನ್ ನಾನು. ಆ ಕ್ಯಾಪ್ಟನ್‌ಗಿರಿ ನನ್ನದಷ್ಟೇ ಅಲ್ಲ, ಅವರದೂ ಹೌದು.

ಸಾಲು ಸರಿ ಮಾಡಿದೆ.

ಮಧ್ಯಾಹ್ನ ಮದುವೆಗೆ ಅಪ್ಪಣೆ ಕೇಳಿದೆ. ಲಿಂಡೆಲ್‌ಬಾಖ್ ತಲೆ ಎತ್ತದೆ "ಆಗ್ಹೋಗು" ಎಂದರು. ಆಮೇಲೆ ತಲೆ ಎತ್ತಿದರು. "ಬಾಗಿಲು ನಾನೇ ಹಾಕ್ಕೊಳ್ತೀನಿ."

ಅಪ್ಪಣೆ ಇದೆ. ಮದುಮಗಳಿಲ್ಲ.

12 ಜನವರಿ

ಹದಿನೇಳಕ್ಕೆ ಹೊರಡುವುದು ಖಚಿತ. ದಿನಾ ಅಟ್ಟದ ಮೆಟ್ಟಿಲವರೆಗೆ ಹೋಗುತ್ತೇನೆ. ಡೋರ್ಟೆ ಇಳಿದು ಬರುತ್ತಾಳೆ. ಲಿಸೆಟ್ ಇಳಿಯುವುದಿಲ್ಲ. ಇವತ್ತು ಮೇಲಕ್ಕೆ ಕೂಗಿ ಹೇಳಿದೆ: ನಿನ್ನನ್ನು ಒತ್ತಾಯ ಮಾಡುವುದಿಲ್ಲ. ನನ್ನ ಪಾಲಿನದು ನಾನು ಮಾಡಿ ಆಯಿತು. ನಾಳೆಯೂ ಬರುತ್ತೇನೆ, ನಾಡಿದ್ದೂ.

ಡೋರ್ಟೆಯನ್ನು ಮೆಟ್ಟಿಲು ಹತ್ತಿಸಿ ಬಂದೆ.

14 ಜನವರಿ

ಲಿಸೆಟ್ ಬ್ಯಾರಕ್ಕಿಗೆ ಬಂದಳು. ಅಂಗಳದಲ್ಲಿ ಹೊಸಬರಿಗೆ ಡ್ರಿಲ್ ಹೇಳಿಕೊಡುತ್ತಿದ್ದೆ. ಬಾಗಿಲ ಹತ್ತಿರ ನಿಂತು ನೋಡಿದಳು. ಲಿಂಡೆಲ್‌ಬಾಖ್ ಹಾದುಹೋಗುತ್ತ "ಸಾರ್ಜೆಂಟ್, ಅವನ ಮೊಣಕಾಲು ನೋಡು" ಎಂದದ್ದು ಕೇಳಿಸಿಕೊಂಡಳು. ನಾನು "ಆಗಲಿ ಸಾಹೇಬ್ರೇ" ಎಂದದ್ದೂ.

ಡ್ರಿಲ್ ಮುಗಿದ ಮೇಲೆ ಹತ್ತಿರ ಹೋದೆ. ನನ್ನ ಕೋಟಿನ ಕತ್ತುಪಟ್ಟಿ ಮುಟ್ಟಿ ನೋಡಿದಳು.

"ಎಂಥ ದರಿದ್ರ ಬಟ್ಟೆ. ಕೆರೆಯತ್ತಾ?"

"ಕೆರೆಯತ್ತೆ."

"ಎಲ್ಲರ ಎದುರು ನೀನು ತಾನು ಅಂತಾರೆ."

"ಅಂತಾರೆ."

"ಸಿಟ್ಟು ಬರಲ್ವಾ?"

"ಬರತ್ತೆ. ದಿನಾ ಬರತ್ತೆ."

ಕಣ್ಣು ಒರೆಸಿಕೊಂಡಳು. ಆಮೇಲೆ ಲಿಸೆಟ್ ಲಿಸೆಟ್ಟೇ ಆದಳು. "ಬರ್ತೀನಿ. ನಾಳೇನೇ ಆಗ್ಲಿ. ಆದ್ರೆ ಒಂದು ಮಾತು. ಮಗು ನನ್ನ ಹೊದಿಕೆ ಕೆಳಗೆ ನಿಲ್ಲಲ್ಲ. ನಾನು ಯಾವತ್ತೂ ಏನನ್ನೂ ಮುಚ್ಚಿಟ್ಕೊಂಡೋಳಲ್ಲ. ಅಪ್ಪ ಇಲ್ಲ ಅಂದೋರು ಅವರು. ಅಪ್ಪನ ಕೋಟಿನ ಕೆಳಗೆ ನಿಲ್ಲಲಿ."

"ಪಾದ್ರಿ ಒಪ್ಪಬೇಕಲ್ಲ."

"ಒಪ್ಪಿಸ್ರೀ. ಸಾರ್ಜೆಂಟ್ ಅಲ್ವಾ ನೀವು."

15 ಜನವರಿ, ಶನಿವಾರ

ಆಯಿತು.

ದಂಡಿನ ಗ್ಯಾರಿಸನ್ ಚರ್ಚು. ಬಾವಿಕಟ್ಟೆಯ ಹೆಂಗಸರು ಮುಂದಿನ ಬೆಂಚಿನಲ್ಲೇ ಬಂದು ಕೂತಿದ್ದರು. ಇಡೀ ಕಂಪನಿಯೂ ಬಂದಿತ್ತು, ಯಾರೂ ಕರೆದಿರಲಿಲ್ಲ. ಕೊನೆಯ ಬೆಂಚಿನಲ್ಲಿ ಲಿಂಡೆಲ್‌ಬಾಖ್, ದಾರಿ ತಪ್ಪಿ ಬಂದವರ ಹಾಗೆ.

ಪಾದ್ರಿ ಗೊಣಗಿದರು. "ಪದ್ಧತಿ ತಾಯಿ ಹೊದಿಕೆ ಅಲ್ವೇನಯ್ಯಾ?"

"ತಾಯಿ ಯಾರು ಅಂತ ಯಾರೂ ಕೇಳಿಲ್ಲ, ಗುರುಗಳೇ. ಅಪ್ಪ ಯಾರು ಅಂತ ಕೇಳಿದ್ದು."

ಪಾದ್ರಿ ಲಿಸೆಟ್ ಮುಖ ನೋಡಿದರು. ಪುಸ್ತಕ ತೆರೆದರು.

ಡೋರ್ಟೆ ನನ್ನ ಕೋಟಿನೊಳಗೆ ನುಗ್ಗಿ ಕಾಲು ತಬ್ಬಿ ನಿಂತಳು. "ಅಪ್ಪಾ, ಇಲ್ಲಿ ಕತ್ತಲು. ಕುದುರೆ ವಾಸನೆ" ಎಂದು ಕೂಗಿದಳು. ಕಂಪನಿ ನಕ್ಕಿತು. ಬಾವಿಕಟ್ಟೆಯವರು ನಗಬೇಕೆಂದೇ ಬಂದವರು. ಅವರಿಗೆ ಮಾತ್ರ ನಗು ಬರಲಿಲ್ಲ. ಬ್ರಹ್ಮಚಾರಿ ಯುಸ್ಟುಸ್, ಕನ್ಯೆ ಲಿಸೆಟ್ ಎಂದು ಪಾದ್ರಿ ನಮ್ಮ ಹೆಸರು ಓದಿದಾಗ ಲಿಸೆಟ್ ನನ್ನ ಕೈಯನ್ನು ಮುರಿಯುವಷ್ಟು ಹಿಡಿದಳು. ತಲೆ ಮಾತ್ರ ತಗ್ಗಿಸಲಿಲ್ಲ. ಅವಳನ್ನು ಇಷ್ಟು ಪ್ರೀತಿಸಿದ ದಿನ ನೆನಪಿಲ್ಲ. ಒಂಬತ್ತರ ಮದುವೆಯ ದಿನವೂ ಅಲ್ಲ.

ಕೊನೆಗೆ ಮಗುವನ್ನು ಹೊರಗೆ ತಂದೆ. ಕೂದಲೆಲ್ಲ ಕೆದರಿತ್ತು.

"ನಿನ್ನ ಹೆಸರೇನಮ್ಮ?" ಪಾದ್ರಿ ಕೇಳಿದರು.

"ಡೋರ್ಟೆ."

"ಡೋರ್ಟೆ, ಆಮೇಲೆ?"

ಅವಳಿಗೆ ಗೊತ್ತಿರಲಿಲ್ಲ. ಇಷ್ಟು ದಿನ ಯಾರೂ ಕೇಳಿರಲಿಲ್ಲ. ಲಿಸೆಟ್ ಬಗ್ಗಿ ಕಿವಿಯಲ್ಲಿ ಹೇಳಿದಳು. ಡೋರ್ಟೆ ಮೆಲ್ಲಗೆ ಒಂದು ಸಲ ಹೇಳಿ ನೋಡಿದಳು. ಆಮೇಲೆ ಚರ್ಚೆಲ್ಲ ಕೇಳುವ ಹಾಗೆ ಹೇಳಿದಳು. ಪಾದ್ರಿ ಬರೆದುಕೊಂಡರು.

ಮನೆಗೆ ಹೋಗುವ ದಾರಿಯುದ್ದಕ್ಕೂ ಅದನ್ನೇ ಹೇಳುತ್ತ ಬಂದಳು. ಬೇಕರಿಯವನಿಗೆ ಹೇಳಿದಳು. ನಾಯಿಗೂ ಹೇಳಿದಳು.

17 ಜನವರಿ, ಬೆಳಗ್ಗೆ

ಬ್ಯಾರಕ್ ಅಂಗಳ. ಸಾಮಾನು ಹೇರಿ ಆಯಿತು. ಮಂಡಿಯ ಮೇಲಿಟ್ಟು ಬರೆಯುತ್ತಿದ್ದೇನೆ. ಹೊರಡುವ ಮೊದಲಿನ ಹಾಜರಿ ಈಗ ತಾನೇ ಮುಗಿಯಿತು. ಹೆಂಡಿರು ಮಕ್ಕಳು ಬೇಲಿಯ ಆಚೆ ನಿಂತಿದ್ದರು. ಲಿಂಡೆಲ್‌ಬಾಖ್ ತಾವೇ ಹೆಸರು ಕೂಗಿದರು.

"ಡೇನ್‌ಹಾರ್ಟ್!"

ನಾನು ಬಾಯಿ ತೆರೆಯುವ ಮೊದಲೇ ಬೇಲಿಯ ಆಚೆಯಿಂದ ಉತ್ತರ ಬಂತು, ಗಂಟಲು ಹರಿಯುವ ಹಾಗೆ:

"ಇಲ್ಲೇ ಇದೀನೀ!"

ಇಡೀ ಸಾಲು ಅಲುಗಿತು. ಹೆನ್ನರ್ ಮೂಗು ಒರೆಸಿಕೊಂಡ. ಲಿಂಡೆಲ್‌ಬಾಖ್ ಬೇಲಿಯ ಕಡೆ ನೋಡಿದರು. ನಗಲಿಲ್ಲ. ಕುದುರೆಯ ಮೇಲೆ ನೆಟ್ಟಗೆ ಕೂತು, ಟೋಪಿಗೆ ಕೈ ಮುಟ್ಟಿಸಿದರು, ಡೋರ್ಟೆಗೆ. ಆಮೇಲೆ ನನ್ನ ಕಡೆ ತಿರುಗಿ, "ಇನ್ನೊಬ್ಬ ಡೇನ್‌ಹಾರ್ಟ್ ಎಲ್ಲಿ?" ಎಂದರು.

ಇದ್ದೇನೆ ಎಂದೆ. ಎಷ್ಟು ಜನಕ್ಕೆ ಕೇಳಿತೋ ಗೊತ್ತಿಲ್ಲ. ನಗಾರಿ ಮೊಳಗುತ್ತಿದೆ. ಸೇತುವೆಯ ತನಕ ಬರುತ್ತಾರಂತೆ ಇಬ್ಬರೂ, ಲಿಸೆಟ್ ಕೈ ಬೀಸುತ್ತಿದ್ದಾಳೆ, ಡೋರ್ಟೆ ಬೇಲಿ ಹತ್ತಿ—